ಮೂರು ಸೆಕೆಂಡ್ ಮೂರು ಸಲ

ನಮ್ಮೂರ ಜಾತ್ರೆಯ ಕಬಡ್ಡಿಯಲ್ಲಿ ಅಂಪೈರ್ ತೀರ್ಪಿಗೆ ಗಲಾಟೆ ಆದರೆ ಮುಂದಿನ ಜಾತ್ರೆಯವರೆಗೂ ಅದೇ ಮಾತು. 1972ರ ಒಂದು ಬಾಸ್ಕೆಟ್‌ಬಾಲ್ ಪಂದ್ಯದ ಜಗಳ ಮಾತ್ರ 50 ವರ್ಷ ದಾಟಿದರೂ ಮುಗಿದಿಲ್ಲ.

ಜರ್ಮನಿಯ ಮ್ಯೂನಿಕ್ ಒಲಿಂಪಿಕ್ಸ್. ಇಸ್ರೇಲಿನ 11 ಜನ ಕ್ರೀಡಾಪಟು, ತರಬೇತುದಾರರು ಉಗ್ರರಿಗೆ ಬಲಿಯಾಗಿ ಕೆಲವೇ ದಿನ ಕಳೆದಿತ್ತು. ಸೆಪ್ಟೆಂಬರ್ 9ರ ನಡುರಾತ್ರಿ ಹೊತ್ತಿಗೆ ಅಮೆರಿಕ–ಸೋವಿಯತ್ ಫೈನಲ್ ಶುರುವಾಯಿತು. 1936ರಿಂದ ಒಲಿಂಪಿಕ್ಸ್‌ನಲ್ಲಿ ಅಮೆರಿಕ ಒಂದು ಪಂದ್ಯವನ್ನೂ ಸೋತಿರಲಿಲ್ಲ, ಸತತ 63 ಗೆಲುವು.

ಆದರೆ ಅವತ್ತು ದ್ವಿತೀಯಾರ್ಧದಲ್ಲಿ 10 ಅಂಕ ಹಿಂದೆ ಬಿದ್ದರು. ಕೋಚ್ ಹ್ಯಾಂಕ್ ಐಬಾಗೆ 68 ವರ್ಷ. 1964, 1968ರಲ್ಲಿ ಚಿನ್ನ ಗೆಲ್ಲಿಸಿಕೊಟ್ಟವರು, ಸರಿ. ಆದರೆ ಓಟದ ಆಟ ಆಡಬಲ್ಲ ಕಾಲೇಜು ಹುಡುಗರನ್ನು ನಿಧಾನವಾಗಿ ಆಡಿಸಿದರು ಅನ್ನುವ ದೂರು ಅಲ್ಲಿನ ಅಭಿಮಾನಿಗಳಲ್ಲಿ ಇಂದಿಗೂ ಇದೆ. ನನಗೂ ಅದು ನಿಜ ಅನ್ನಿಸುತ್ತದೆ. ಎದುರಾಳಿಗಳು ವರ್ಷಗಟ್ಟಲೆ ಒಟ್ಟಿಗೆ ಆಡಿ ಪಳಗಿದವರು.

ಕೊನೆಯ ಕ್ಷಣಗಳಲ್ಲಿ 49–48, ಸೋವಿಯತ್ ಮುಂದೆ. ಡಗ್ ಕಾಲಿನ್ಸ್ ಚೆಂಡು ಕಸಿದು ಓಡಿದ. ಎದುರಾಳಿ ಕೆಡವಿದ ರಭಸಕ್ಕೆ ಬುಟ್ಟಿಯ ಕಂಬದ ಬುಡಕ್ಕೆ ಬಿದ್ದ. 3 ಸೆಕೆಂಡ್ ಉಳಿದಿದೆ, ಎರಡು ಫ್ರೀ ಥ್ರೋ. ಎರಡನೆಯದನ್ನು ಎಸೆಯುವಾಗ ಹಾರ್ನ್ ಬೇರೆ ಕೂಗಿತು. ಎರಡೂ ಒಳಗೆ! 50–49. ಒಂದು ತಪ್ಪಿದ್ದರೂ ಇಡೀ ಸೋಲು ಆ ಹುಡುಗನ ತಲೆಗೇ ಬರುತ್ತಿತ್ತು.

ಗೊಂದಲ ಶುರುವಾಗಿದ್ದು ಆಮೇಲೆ. ಸೋವಿಯತ್ ಚೆಂಡು ಎಸೆದು ಆಟ ಶುರು ಮಾಡಿತು. 1 ಸೆಕೆಂಡ್ ಇದ್ದಾಗ ರೆಫರಿ ಆಟ ನಿಲ್ಲಿಸಿದರು. ನಾವು ಟೈಮ್‌ಔಟ್ ಕೇಳಿದ್ದೆವು, ಕೊಡಲಿಲ್ಲ ಅಂತ ಸೋವಿಯತ್ ಕಡೆಯವರ ತಕರಾರು. ಆಗ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿ ವಿಲಿಯಂ ಜೋನ್ಸ್ ಪ್ರೇಕ್ಷಕರ ಜಾಗದಿಂದ ಇಳಿದು ಬಂದು, ಗಡಿಯಾರವನ್ನು ಮತ್ತೆ 3 ಸೆಕೆಂಡಿಗೆ ಇಡಿ ಅಂದರು. ಗಡಿಯಾರ ಸರಿಹೋಗುವ ಮೊದಲೇ ಆಟ ಶುರು. ಹಾರ್ನ್ ಆಯಿತು, ಅಮೆರಿಕದ ಹುಡುಗರು ಕುಣಿದರು. ಅದೂ ಲೆಕ್ಕಕ್ಕಿಲ್ಲ ಎಂದಾಯಿತು! ಮೂರನೇ ಸಲ ಎಡೆಶ್ಕೊ ಅಂಗಳದ ಆ ತುದಿಯಿಂದ ಈ ತುದಿಗೆ ಎಸೆದ ಚೆಂಡನ್ನು ಅಲೆಕ್ಸಾಂಡರ್ ಬೆಲೋವ್ ಹಿಡಿದು ಬುಟ್ಟಿಗೆ ಹಾಕಿದ. 51–50. ಈ ಗದ್ದಲದಲ್ಲಿ ಪಾಪ, ಐಬಾ ಅವರ ಪರ್ಸನ್ನೂ ಯಾರೋ ಹೊಡೆದರು.

ಟೈಮ್‌ಔಟ್ ಕೇಳಿದ್ದು ನಿಜವಾದರೆ ಆ 3 ಸೆಕೆಂಡ್ ಅವರದ್ದೇ. ಆದರೆ ನಡೆಯುತ್ತಿರುವ ಆಟದಲ್ಲಿ ಅಪ್ಪಣೆ ಕೊಡುವ ಅಧಿಕಾರ ಜೋನ್ಸ್‌ಗೆ ಇರಲಿಲ್ಲ. ಬ್ರೆಜಿಲ್‌ನ ರೆಫರಿ ರಿಗೆಟ್ಟೊ ಸ್ಕೋರ್ ಹಾಳೆಗೆ ಸಹಿ ಹಾಕಲಿಲ್ಲ. ಮೇಲ್ಮನವಿ ಸಮಿತಿಯಲ್ಲಿ 3–2ರಿಂದ ಅಮೆರಿಕಕ್ಕೆ ಸೋಲು. ಕ್ಯೂಬಾ, ಹಂಗೇರಿ, ಪೋಲೆಂಡ್ ಒಂದು ಕಡೆ. ಇಟಲಿ, ಪೋರ್ಟೊ ರಿಕೊ ಇನ್ನೊಂದು ಕಡೆ. ಆ ಮೂರೂ ಸೋವಿಯತ್ ಬಣದ ದೇಶಗಳು, ಮುಂದಿನದು ನೀವೇ ಊಹಿಸಿಕೊಳ್ಳಿ.

ಅದೇ ಒಲಿಂಪಿಕ್ಸ್‌ನಲ್ಲಿ ನಮ್ಮ ಕೊಡಗಿನ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ ಇದ್ದ ಭಾರತದ ಹಾಕಿ ತಂಡ ಕಂಚು ತಂದಿತು. ಅಮೆರಿಕದ 12 ಆಟಗಾರರು ಮಾತ್ರ ಬೆಳ್ಳಿ ಪದಕ ತೆಗೆದುಕೊಳ್ಳಲು ಹೋಗಲೇ ಇಲ್ಲ. ಗೆಲುವಿನ ಬುಟ್ಟಿ ಹಾಕಿದ ಬೆಲೋವ್ 1978ರಲ್ಲಿ, 26ನೇ ವಯಸ್ಸಿಗೇ ತೀರಿಕೊಂಡ. ಅಮೆರಿಕದ ನಾಯಕ ಕೆನ್ನಿ ಡೇವಿಸ್, ನಾನು ಸತ್ತ ಮೇಲೂ ಹೆಂಡತಿ ಮಕ್ಕಳು ಆ ಪದಕ ಮುಟ್ಟಬಾರದು ಅಂತ ವಿಲ್‌ನಲ್ಲೇ ಬರೆಸಿದರು.