‘ಪರ್ವ’ದಲ್ಲಿ ನಿಯೋಗದ ಪ್ರಶ್ನೆ: ವಾಸ್ತವವಾದಿ ಮಹಾಭಾರತದ ಒಂದು ವಿವೇಚನೆ

ಎಸ್. ಎಲ್. ಭೈರಪ್ಪನವರ ‘ಪರ್ವ’ 1979ರಲ್ಲಿ ಪ್ರಕಟವಾದಂದಿನಿಂದ ಅದರ ಕುರಿತ ಚರ್ಚೆ ಬಹುಮಟ್ಟಿಗೆ ಒಂದೇ ಸಂಗತಿಯ ಸುತ್ತ ನಡೆದುಬಂದಿದೆ. ಮಹಾಭಾರತದಿಂದ ವರ, ಶಾಪ, ದಿವ್ಯಾಸ್ತ್ರ, ಅವತಾರಗಳನ್ನು ಕಳೆದು, ಉಳಿದ ಮಾನವ ಕಥೆಯನ್ನು ಕಾದಂಬರಿಯಾಗಿಸಿದ ಕೃತಿ ಇದು ಎಂಬ ವಿವರಣೆ ಮೆಚ್ಚಿದವರಿಂದಲೂ ಆಕ್ಷೇಪಿಸಿದವರಿಂದಲೂ ಸಮಾನವಾಗಿ ಬಂದಿದೆ. ಈ ವಿವರಣೆ ತಪ್ಪಲ್ಲವಾದರೂ ಅಪೂರ್ಣ. ಏಕೆಂದರೆ ಅತಿಮಾನುಷವನ್ನು ಕಳೆಯುವುದು ಒಂದು ವಿಧಾನವೇ ಹೊರತು ಅದರಿಂದಲೇ ಕಾದಂಬರಿಗೊಂದು ವಸ್ತು ದೊರೆಯುವುದಿಲ್ಲ. ದೇವರು ತೆರವು ಮಾಡಿದ ಜಾಗದಲ್ಲಿ ಯಾವ ಪ್ರಶ್ನೆ ಬಂದು ಕುಳಿತಿತು ಎಂಬುದನ್ನು ನೋಡಿದಾಗ ‘ಪರ್ವ’ದ ಒಳಗಟ್ಟು ಕಾಣತೊಡಗುತ್ತದೆ. ಆ ಪ್ರಶ್ನೆ ಹುಟ್ಟಿನದು: ಮಗು ಯಾರದು, ಅದನ್ನು ಯಾರದೆಂದು ತೀರ್ಮಾನಿಸುವ ಅಧಿಕಾರ ಯಾರಿಗಿದೆ, ಆ ತೀರ್ಮಾನದ ಭಾರ ಯಾರ ಮೈಮೇಲೆ ಬೀಳುತ್ತದೆ ಎಂಬುದು. ಕಾದಂಬರಿ ಈ ಪ್ರಶ್ನೆಯನ್ನು ಎತ್ತಿಕೊಳ್ಳುವುದು ನಿಯೋಗವೆಂಬ ಸಂಸ್ಥೆಯ ಮೂಲಕ.

ಗಂಡನಿಂದ ಸಂತಾನವಾಗದ, ಇಲ್ಲವೇ ಸಂತಾನವಿಲ್ಲದೆ ವಿಧವೆಯಾದ ಹೆಂಗಸು ಹಿರಿಯರ ಅನುಮತಿಯಿಂದ ಮತ್ತೊಬ್ಬ ಪುರುಷನನ್ನು ಕೂಡಿ ಮಗನನ್ನು ಪಡೆಯುವುದು ನಿಯೋಗ. ಹಾಗೆ ಹುಟ್ಟಿದವನು ಕ್ಷೇತ್ರಜ, ಅಂದರೆ ಬೀಜ ಬಿತ್ತಿದವನಿಗೆ ಸೇರದೆ ಕ್ಷೇತ್ರದ ಒಡೆಯನಾದ ಗಂಡನಿಗೆ ಸೇರಿದ ಮಗ. ಧರ್ಮಸೂತ್ರಗಳು ಈ ಪದ್ಧತಿಯನ್ನು ಬಲ್ಲವು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಅದರ ಕಟ್ಟಳೆಗಳನ್ನು ವಿವರವಾಗಿ ಹೇಳಿ (ನಿಯುಕ್ತನಾದವನು ಮೈಗೆ ತುಪ್ಪ ಸವರಿಕೊಂಡು, ರಾತ್ರಿಯಲ್ಲಿ, ಮಾತಿಲ್ಲದೆ ಕೂಡಬೇಕು) ಅದರ ಬೆನ್ನಿಗೇ ಅದು ಪಶುಧರ್ಮವೆಂದು ಖಂಡಿಸುತ್ತದೆ. ಮುಂದೆ ಕಲಿಯುಗದಲ್ಲಿ ವರ್ಜ್ಯವಾದ ಆಚಾರಗಳ ಪಟ್ಟಿಗೆ ನಿಯೋಗವೂ ಸೇರಿತು. ಒಂದೇ ಗ್ರಂಥದ ಒಂದೇ ಅಧ್ಯಾಯದಲ್ಲಿ ವಿಧಿಯೂ ನಿಷೇಧವೂ ಅಕ್ಕಪಕ್ಕದಲ್ಲಿ ಉಳಿದುಕೊಂಡಿರುವುದು ಸಮಾಜವೊಂದು ತನ್ನ ಹಳೆಯ ಆಚಾರದ ಬಗ್ಗೆ ನಾಚತೊಡಗಿದ ಕಾಲವನ್ನು ಸೂಚಿಸುತ್ತದೆ. ಭೈರಪ್ಪನವರು ಕುರುಕ್ಷೇತ್ರ ಯುದ್ಧವನ್ನು ಇಡುವುದು ಇಂಥ ಸಂಧಿಕಾಲದಲ್ಲಿ. ಹಿಂದಿನ ತಲೆಮಾರು ಧರ್ಮವೆಂದು ನಂಬಿ ನಡೆಸಿದ ಕಾರ್ಯವನ್ನು ಮುಂದಿನ ತಲೆಮಾರು ಹಾದರವೆಂದು ಕರೆಯಬಲ್ಲದಾದಾಗ ಆ ಕಾರ್ಯದಿಂದ ಹುಟ್ಟಿದವರ ಹಕ್ಕು ಏನಾಗುತ್ತದೆ ಎಂಬುದು ಅಲ್ಲಿಯ ರಾಜಕಾರಣದ ತಿರುಳು.

ಮೂಲ ಮಹಾಭಾರತದಲ್ಲಿ ಈ ಪ್ರಶ್ನೆ ಇಲ್ಲದಿಲ್ಲ. ವಿಚಿತ್ರವೀರ್ಯನ ವಿಧವೆಯರಲ್ಲಿ ವ್ಯಾಸನಿಂದ ಹುಟ್ಟಿದ ಧೃತರಾಷ್ಟ್ರ ಮತ್ತು ಪಾಂಡು ಇಬ್ಬರೂ ಕ್ಷೇತ್ರಜರು. ಪಾಂಡವರು ನಿಯೋಗದ ಎರಡನೆಯ ತಲೆಮಾರಿನವರು. ಕುಂತಿಯನ್ನು ಒಪ್ಪಿಸುವಾಗ ಪಾಂಡು ಹಿಂದಿನ ಕಾಲದ ಹೆಂಗಸರು ಸ್ವತಂತ್ರರಾಗಿದ್ದರೆಂದೂ, ಶ್ವೇತಕೇತು ಈಗಿನ ಮರ್ಯಾದೆಯನ್ನು ಸ್ಥಾಪಿಸಿದನೆಂದೂ ಹೇಳುವುದು ಆದಿಪರ್ವದಲ್ಲಿದೆ. ಮೂರು ಮಕ್ಕಳಾದ ಮೇಲೆ ಪಾಂಡು ಮತ್ತೊಬ್ಬನನ್ನು ಬೇಡಿದಾಗ ಕುಂತಿ ತಡೆಯುತ್ತಾಳೆ. ನಾಲ್ಕನೆಯವನನ್ನು ಕೂಡಿದವಳು ಸ್ವೈರಿಣಿ, ಐದನೆಯವನನ್ನು ಕೂಡಿದವಳು ಬಂಧಕಿ ಎನಿಸಿಕೊಳ್ಳುತ್ತಾಳೆ ಎಂಬುದು ಅವಳ ವಾದ. ಇದೇ ಕುಂತಿಯ ಸೊಸೆಗೆ ಐವರು ಗಂಡಂದಿರಾಗುತ್ತಾರೆ, ಇದೇ ‘ಬಂಧಕಿ’ ಎಂಬ ಬೈಗುಳ ದ್ಯೂತಸಭೆಯಲ್ಲಿ ಕರ್ಣನ ಬಾಯಿಂದ ಅವಳ ಮೇಲೆ ಬೀಳುತ್ತದೆ. ಕರ್ಣನೋ ಕುಂತಿ ಹೇಳಿಕೊಳ್ಳಲಾಗದ ಮಗ. ಇಷ್ಟೆಲ್ಲ ಹೆಣಿಗೆ ಮೂಲದಲ್ಲಿಯೇ ಇದೆ. ಆದರೆ ಪಾಂಡವರ ತಂದೆಯರು ದೇವತೆಗಳಾದುದರಿಂದ, ದ್ರೌಪದಿಯ ಬಹುಪತಿತ್ವಕ್ಕೆ ಐವರು ಇಂದ್ರರ ಪೂರ್ವಕಥೆ ಸಮರ್ಥನೆಯಾಗಿ ಒದಗುವುದರಿಂದ, ಪ್ರಶ್ನೆ ತಲೆ ಎತ್ತಿದಲ್ಲೆಲ್ಲ ಅದನ್ನು ತಣಿಸುವ ಉತ್ತರವೂ ಸಿದ್ಧವಾಗಿರುತ್ತದೆ. ‘ಪರ್ವ’ ಈ ಉತ್ತರಗಳನ್ನು ಹಿಂತೆಗೆದುಕೊಳ್ಳುತ್ತದೆ.

ಹಿಂತೆಗೆದುಕೊಳ್ಳುವ ಬಗೆ ಹೀಗಿದೆ. ಕಾದಂಬರಿಯ ಪಾಂಡುವಿಗೆ ಮುನಿಶಾಪವಿಲ್ಲ, ಅವನು ಷಂಡ. ಹಿಮಾಲಯದ ಮೇಲುಸೀಮೆಯಲ್ಲಿ ‘ದೇವ’ರೆಂಬ ಒಂದು ಜನಾಂಗವಿದೆ, ಅವರ ಧರ್ಮಾಧಿಕಾರಿಯಿಂದ ಧರ್ಮಜ, ಸೇನಾಧಿಪತಿಯಿಂದ ಭೀಮ, ಇಂದ್ರನೆಂಬ ಪದವಿಯ ಮುಖಂಡನಿಂದ ಅರ್ಜುನ ಹುಟ್ಟುತ್ತಾರೆ, ಮಾದ್ರಿಯ ಅವಳಿಗಳಿಗೆ ಆ ಜನಾಂಗದ ಅವಳಿ ವೈದ್ಯರಾದ ಅಶ್ವಿನಿಗಳು ತಂದೆಯರು. ಧೃತರಾಷ್ಟ್ರನ ನೂರು ಮಕ್ಕಳ ಲೆಕ್ಕದಲ್ಲಿ ದಾಸಿಯರ ಮಕ್ಕಳೂ ಸೇರುತ್ತಾರೆ. ಪುರಾಣದ ದೇವತೆಗಳು ಮೂಲದಲ್ಲಿ ಮನುಷ್ಯರೇ ಎಂದು ಬಿಡಿಸಿ ತೋರಿಸುವ ಈ ಕ್ರಮ ಪ್ರಾಚೀನ ಗ್ರೀಸಿನಿಂದಲೂ ತಿಳಿದಿರುವಂಥದು. ಕೃತಿಯ ಅತ್ಯಂತ ಚರ್ಚಿತ ಅಂಶವಾದ ಇದೇ ಅದರ ದುರ್ಬಲ ಅಂಶವೂ ಹೌದೆನ್ನಬೇಕು. ದೇವತೆಗೆ ಬದಲಾಗಿ ಒಂದು ಬುಡಕಟ್ಟನ್ನು ಇಟ್ಟಾಗ ಒಗಟಿಗೆ ಉತ್ತರ ಸಿಕ್ಕಂತಾಗುತ್ತದೆ, ಆದರೆ ಪ್ರತಿಯೊಂದು ಪವಾಡಕ್ಕೂ ಹೀಗೆ ಒಂದೊಂದು ಲೌಕಿಕ ಜೋಡಿಯನ್ನು ಹುಡುಕುತ್ತ ಹೋಗುವ ಕಾದಂಬರಿ ಪುರಾಣದ ಪದಕೋಶವಾಗಿಬಿಡುವ ಅಪಾಯವಿದೆ. ಬಹುಪತಿತ್ವ ಉಳಿದುಬಂದಿದ್ದ ಹಿಮಾಲಯದ ಹಳ್ಳಿಗಳ ಬದುಕನ್ನು ಸಾವಿರಾರು ವರ್ಷ ಹಿಂದಿನ ಕುರು ಪಾಂಚಾಲರ ಬದುಕಿಗೆ ಸಾಕ್ಷ್ಯವಾಗಿ ಒಯ್ಯುವುದೂ ಮಾನವಶಾಸ್ತ್ರದ ದೃಷ್ಟಿಯಿಂದ ನಿರ್ವಿವಾದವಲ್ಲ.

ಆದರೆ ಭೈರಪ್ಪನವರು ಈ ವಿವರಣೆಯಲ್ಲಿ ತಂಗುವುದಿಲ್ಲ. ವಿವರಣೆ ಮುಗಿದಲ್ಲಿ ಅವರ ಕಾದಂಬರಿ ಆರಂಭವಾಗುತ್ತದೆ, ಮತ್ತು ಅದು ಆರಂಭವಾಗುವ ಸ್ಥಳವೂ ಅರ್ಥಪೂರ್ಣವಾಗಿದೆ. ಹಸ್ತಿನಾವತಿಯನ್ನು ಬಿಟ್ಟು ಮದ್ರದೇಶದಲ್ಲಿ, ಮುಪ್ಪಿನ ಶಲ್ಯರಾಜನ ಮನೆಯಲ್ಲಿ, ಮೊಮ್ಮಗಳ ಮದುವೆಯ ಚರ್ಚೆಯೊಂದಿಗೆ ಕಥೆ ತೆರೆದುಕೊಳ್ಳುತ್ತದೆ. ಹೆಣ್ಣಿಗೆ ಶುಲ್ಕ ಪಡೆದು ಕೊಡುವುದು ಮದ್ರರ ಕುಲಾಚಾರ. ಆದಿಪರ್ವದಲ್ಲಿಯೂ ಭೀಷ್ಮ ಮಾದ್ರಿಗಾಗಿ ಶಲ್ಯನಿಗೆ ಶುಲ್ಕ ತೆತ್ತೇ ಕರೆತರುತ್ತಾನೆ. ಆರ್ಯಾವರ್ತದ ಇತರರು ಆ ಆಚಾರವನ್ನು ಹೀನವೆಂದು ಕಾಣತೊಡಗಿದ್ದಾರೆ. ಹೀಗೆ ಮಹಾಯುದ್ಧದ ಸುದ್ದಿ ಓದುಗರನ್ನು ತಲುಪುವ ಮೊದಲೇ ಮದುವೆಯ ರೀತಿಗಳಲ್ಲಿ ಯಾವುದು ಕುಲೀನ, ಯಾವುದು ಹೀನ ಎಂಬ ತಕರಾರು ಎದುರಾಗುತ್ತದೆ, ಯುದ್ಧಕ್ಕೆ ಬೆಂಬಲ ಕೇಳುವ ರಾಜಕಾರಣ ಅದರ ಮೇಲೆ ಬಂದು ಕೂರುತ್ತದೆ. ಪಾಂಡವರು ಪಾಂಡುವಿನ ಮಕ್ಕಳೇ ಅಲ್ಲವೆಂಬ ವಾದವನ್ನು ದುರ್ಯೋಧನನ ಪಕ್ಷ ಹೂಡಿದಾಗ ಆಯಾ ರಾಜರು ತಮ್ಮ ತಮ್ಮ ನಾಡಿನ ನಡವಳಿಯ ಕಣ್ಣಿನಿಂದ ಅದನ್ನು ಅಳೆಯಬೇಕಾಗುತ್ತದೆ. ಆ ವಾದದಲ್ಲಿ ಅಡಗಿರುವ ವಿಪರ್ಯಾಸ ಸ್ಪಷ್ಟವಾಗಿದೆ. ನಿಯೋಗ ಅಧರ್ಮವಾದರೆ ಧೃತರಾಷ್ಟ್ರನೂ ಕುರುವಂಶದವನಲ್ಲ, ದುರ್ಯೋಧನನ ಹಕ್ಕೂ ಅಲ್ಲಿಗೇ ಮುಗಿಯುತ್ತದೆ.

ಈ ವಿಪರ್ಯಾಸದ ಪೂರ್ಣ ಭಾರವನ್ನು ಹೊರುವವನು ಭೀಷ್ಮ. ಮದುವೆಯಾಗದೆ ಉಳಿದು, ತಮ್ಮನ ವಿಧವೆಯರಿಗೆ ನಿಯೋಗ ಮಾಡಿಸಿ ವಂಶವನ್ನು ಉಳಿಸಿದವನು ಅವನು. ತಾನು ಧರ್ಮವೆಂದು ಮಾಡಿಸಿದ್ದು ಧರ್ಮವೇ ಹೌದೇ ಎಂದು ಕೇಳಲು ಅವನು ವ್ಯಾಸನ ಆಶ್ರಮಕ್ಕೆ ಹೋಗುವ ಭಾಗ ‘ಪರ್ವ’ದ ಬೌದ್ಧಿಕ ಕೇಂದ್ರವೆನ್ನಬಹುದು. ಮೂಲದ ವ್ಯಾಸ ಎಲ್ಲವನ್ನೂ ಬಲ್ಲವನು, ಬೇಕೆಂದಾಗ ಪ್ರತ್ಯಕ್ಷನಾಗಿ ಸಂಶಯ ಬಿಡಿಸುವವನು. ಕಾದಂಬರಿಯ ವ್ಯಾಸ ವೃದ್ಧ, ಒಂಟಿ, ತನ್ನ ವಿದ್ಯೆಯ ಬಗ್ಗೆಯೇ ನಿಶ್ಚಯ ಕಳೆದುಕೊಂಡವನು. ಬೀಜದಾನ ಮಾಡಿದವನೂ ಅವನೇ, ವೇದಗಳನ್ನು ವಿಂಗಡಿಸಿದವನೂ ಅವನೇ ಆಗಿರುವಾಗ ತೀರ್ಪು ಹೇಳಬಲ್ಲ ಮೂರನೆಯವರು ಯಾರೂ ಉಳಿದಿಲ್ಲ. ಶಾಸ್ತ್ರದ ಕರ್ತನೂ ಮೊಕದ್ದಮೆಯ ಕಕ್ಷಿಗಾರನೂ ಒಬ್ಬನೇ ಆಗಿರುವ ಈ ಸನ್ನಿವೇಶಕ್ಕಿಂತ ಗಾಢವಾದ ವಾಸ್ತವವಾದವನ್ನು ಇಂದ್ರನನ್ನು ಬುಡಕಟ್ಟಿನ ಮುಖಂಡನಾಗಿಸುವುದರಿಂದ ಪಡೆಯಲಾಗುವುದಿಲ್ಲ.

ಕನ್ನಡ ಭಾರತಗಳ ಪರಂಪರೆಯಲ್ಲಿ ಇಟ್ಟು ನೋಡಿದಾಗ ಈ ಆಯ್ಕೆಯ ಸ್ವರೂಪ ಇನ್ನಷ್ಟು ತಿಳಿಯಾಗುತ್ತದೆ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ತನ್ನ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿದ ಕವಿಗೆ ಬಹುಪತಿತ್ವ ಒಂದು ಮುಜುಗರ. ಹದಿನೈದನೆಯ ಶತಮಾನದ ಕುಮಾರವ್ಯಾಸ ಐವರನ್ನೂ ಉಳಿಸಿಕೊಂಡು ಮುಜುಗರವನ್ನು ಕೃಷ್ಣಭಕ್ತಿಯಲ್ಲಿ ಕರಗಿಸಿದ. ಅಂದರೆ ಕನ್ನಡ ಕವಿಗಳೂ ಈ ತೊಡಕನ್ನು ಕಂಡವರೇ, ಪ್ರತಿಯೊಬ್ಬರೂ ತಮ್ಮದೇ ರೀತಿಯಲ್ಲಿ ಅದನ್ನು ದಾಟಿದವರೇ. ‘ಪರ್ವ’ ದಾಟಲು ಒಪ್ಪುವುದಿಲ್ಲ. ಐವರ ನಡುವೆ ಹಂಚಿಹೋದ ದಾಂಪತ್ಯ ದ್ರೌಪದಿಯ ಮನಸ್ಸಿನಲ್ಲಿ ಹೇಗೆ ನಡೆಯಿತು, ಅರ್ಜುನ ಸುಭದ್ರೆಯನ್ನು ತಂದಾಗ ಅಲ್ಲಿ ಏನು ಮುರಿಯಿತು, ಕೊನೆಗೂ ತನಗಾಗಿ ಕೈ ಎತ್ತಿದ ಒಬ್ಬನೇ ಒಬ್ಬ ಭೀಮನೆಂಬ ಅರಿವು ಯಾವಾಗ ಬಂತು ಎಂಬುದನ್ನು ಅವಳ ನೆನಪಿನ ಒಳಗಿನಿಂದಲೇ ಕಾದಂಬರಿ ಕಟ್ಟುತ್ತದೆ. ಪಾತ್ರಗಳ ಪ್ರಜ್ಞೆಯ ಹರಿವಿನಲ್ಲಿ ಕಥೆ ಹೇಳುವ ಈ ತಂತ್ರ ನವ್ಯರ ಕಾಲದಲ್ಲಿ ಕನ್ನಡಕ್ಕೆ ರೂಢಿಯಾದದ್ದು. ನವ್ಯದಿಂದ ದೂರವೇ ಉಳಿದ ಲೇಖಕರೊಬ್ಬರು ಅದನ್ನು ಇಷ್ಟು ದೊಡ್ಡ ಹರಹಿನಲ್ಲಿ ದುಡಿಸಿಕೊಂಡರೆಂಬುದು ಸಾಹಿತ್ಯಚರಿತ್ರೆಯ ಒಂದು ಸ್ವಾರಸ್ಯ.

ಇತರ ಭಾರತೀಯ ಭಾಷೆಗಳಲ್ಲಿಯೂ ಈ ಅವಧಿ ಮಹಾಭಾರತದ ಮರುಪರಿಶೀಲನೆಯ ಕಾಲವಾಗಿತ್ತು. ಪುಣೆಯ ಭಂಡಾರ್ಕರ್ ಸಂಸ್ಥೆಯ ಪರಿಷ್ಕೃತ ಆವೃತ್ತಿ 1966ರಲ್ಲಿ ಪೂರ್ಣಗೊಂಡಿತು, ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರ ಮರಾಠಿ ಪ್ರಬಂಧಗಳ ಸಂಗ್ರಹ ‘ಯುಗಾಂತ’ 1967ರಲ್ಲಿ ಹೊರಬಂದಿತು, ಬಿ. ಬಿ. ಲಾಲ್ 1950ರಿಂದ 1952ರವರೆಗೆ ಹಸ್ತಿನಾಪುರದಲ್ಲಿ ನಡೆಸಿದ ಉತ್ಖನನ, ಮಹಾಕಾವ್ಯದ ವೈಭವದ ನಗರವಿರಬೇಕಾದ ಪದರದಲ್ಲಿ ಚಿತ್ರಿತ ಬೂದು ಮಡಕೆಗಳನ್ನೂ ಮಣ್ಣು ಮತ್ತು ಜೊಂಡಿನ ಗೋಡೆಗಳ ಕುರುಹುಗಳನ್ನೂ ತೋರಿಸಿತ್ತು. ಎಂ. ಟಿ. ವಾಸುದೇವನ್ ನಾಯರರ ‘ರಂಡಾಮೂಳಂ’ ಮತ್ತು ಪ್ರತಿಭಾ ರಾಯ್ ಅವರ ‘ಯಾಜ್ಞಸೇನಿ’ ‘ಪರ್ವ’ದ ಅನಂತರದವು. ಅವು ಒಬ್ಬೊಬ್ಬ ಪಾತ್ರದ ಬಾಯಿಂದ, ಭೀಮ ಮತ್ತು ದ್ರೌಪದಿಯರ ಬಾಯಿಂದ, ಕಥೆಯನ್ನು ಹೇಳಿಸಿದರೆ ಭೈರಪ್ಪನವರು ಯಾರಿಗೂ ಕೊನೆಯ ಮಾತನ್ನು ಬಿಟ್ಟುಕೊಡದೆ ಹಲವು ಮನಸ್ಸುಗಳ ನಡುವೆ ಕಥೆಯನ್ನು ಹರಡುತ್ತಾರೆ. ಹುಟ್ಟಿನ ನ್ಯಾಯ ಯಾವೊಬ್ಬ ಸಾಕ್ಷಿಯಿಂದಲೂ ತೀರ್ಮಾನವಾಗದ್ದಾದುದರಿಂದ ಈ ಬಹುಸ್ವರತೆ ವಸ್ತುವಿಗೆ ತಕ್ಕದ್ದೇ ಆಗಿದೆ.

ಯುದ್ಧದ ಭಾಗದಲ್ಲಿ ಈ ವಿಧಾನ ತನ್ನ ಪೂರ್ಣ ಬಲವನ್ನು ತೋರುತ್ತದೆ. ದಿವ್ಯಾಸ್ತ್ರಗಳು ಇಲ್ಲವಾದ ಮೇಲೆ ಯುದ್ಧವೆಂದರೆ ಅಷ್ಟೊಂದು ಜನರ ಅನ್ನ, ನೀರು, ಮಲಮೂತ್ರ, ಹೆಣಗಳ ವಿಲೇವಾರಿ. ಸುತ್ತಲ ಊರುಗಳಿಂದ ಧಾನ್ಯದ ಸುಲಿಗೆ. ಏನೂ ತಿಳಿಯದೆ ಯಾರೋ ಕರೆದದ್ದಕ್ಕೆ ಬಂದ ಕಾಲಾಳುಗಳ ಹಸಿವು ಮತ್ತು ನೊಣಗಳ ಹಾವಳಿ. ಮಹಾಕಾವ್ಯದ ಹದಿನೆಂಟು ದಿನಗಳ ವೀರರಸ ಇಲ್ಲಿ ನಾರುತ್ತದೆ. ಗಮನಿಸಬೇಕಾದ್ದೆಂದರೆ ಇಂಥ ಬಿರುಕುಗಳನ್ನು ಮೂಲವೇ ಅಲ್ಲಲ್ಲಿ ಬಿಟ್ಟಿದೆ. ಸಂಜಯನಿಗೆ ದಿವ್ಯದೃಷ್ಟಿಯ ವರವಿದ್ದರೂ ಭೀಷ್ಮಪರ್ವದಲ್ಲಿ ಅವನು ರಣರಂಗದಿಂದ ಓಡಿಬಂದು ಭೀಷ್ಮ ಬಿದ್ದ ಸುದ್ದಿಯನ್ನು ಧೃತರಾಷ್ಟ್ರನಿಗೆ ಮುಟ್ಟಿಸುತ್ತಾನೆ; ಶಲ್ಯಪರ್ವದಲ್ಲಿ ಸಾತ್ಯಕಿಯ ಕೈಗೆ ಸೆರೆ ಸಿಕ್ಕು ವ್ಯಾಸನ ಮಾತಿನಿಂದ ಬದುಕಿಕೊಳ್ಳುತ್ತಾನೆ. ಅರಮನೆಯಲ್ಲಿ ಕುಳಿತು ಕಾಣುವವನಿಗೆ ಈ ಎರಡೂ ಅನಗತ್ಯ. ವಾಸ್ತವವಾದಿ ಕಾದಂಬರಿಕಾರ ಮೂಲಕ್ಕೆ ದ್ರೋಹ ಬಗೆದನೆಂಬ ಆಕ್ಷೇಪ ಇಂಥೆಡೆಗಳಲ್ಲಿ ನಿಲ್ಲುವುದು ಕಷ್ಟ, ಏಕೆಂದರೆ ಅವನು ಹಿಡಿದಿರುವುದು ಮೂಲದೊಳಗೇ ಇರುವ ಎರಡು ಕಥನಗಳಲ್ಲಿ ಒಂದನ್ನು.

ಕೃಷ್ಣನ ಪಾತ್ರದ ಬಗ್ಗೆ ಹೀಗೆ ಹೇಳಲಾಗುವುದಿಲ್ಲ. ದೇವತ್ವವನ್ನು ಕಳಚಿದ ಕೃಷ್ಣ ಇಲ್ಲಿ ಚತುರ ಮುತ್ಸದ್ದಿ, ಸ್ನೇಹಕ್ಕೆ ಕಟ್ಟುಬಿದ್ದವನು, ನರಕಾಸುರನ ಸೆರೆಯಿಂದ ಬಿಡಿಸಿದ ಹೆಂಗಸರಿಗೆ ಸಮಾಜದಲ್ಲಿ ನೆಲೆ ಒದಗಿಸಿದವನು. ಆದರೂ ಇತರರೆಲ್ಲರ ಸಣ್ಣತನವನ್ನು ಅಷ್ಟು ನಿಷ್ಠುರವಾಗಿ ಕಾಣಿಸಿದ ಕಾದಂಬರಿ ಇವನ ಮುಂದೆ ಮೆತ್ತಗಾಗುತ್ತದೆ. ಬಾಗಿಲಿನಿಂದ ಕಳಿಸಿದ ಅವತಾರ ಕಿಟಕಿಯಿಂದ ಒಳಬಂದಿದೆಯೆಂಬ ಶಂಕೆಗೆ ಎಡೆಯಿದೆ.

ಕುಮಾರವ್ಯಾಸ ಭಾರತ ಹತ್ತು ಪರ್ವಗಳಿಗೆ, ಧರ್ಮರಾಯನ ಪಟ್ಟಾಭಿಷೇಕದೊಂದಿಗೆ ನಿಲ್ಲುತ್ತದೆ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿ ಪೂರೈಸಿದನಾದರೂ ಗಮಕಿಗಳ ಬಾಯಲ್ಲಿ ನಾಡು ಕೇಳಿಕೊಂಡು ಬಂದದ್ದು ಆ ಹತ್ತನ್ನು. ಆದ್ದರಿಂದ ಕನ್ನಡ ಕೇಳುಗರ ಮನಸ್ಸಿನ ಭಾರತ ಬಹುಮಟ್ಟಿಗೆ ಗೆದ್ದವರ ಪಟ್ಟದಲ್ಲಿ ಮುಗಿಯುವಂಥದು. ಭೈರಪ್ಪನವರ ಕಾದಂಬರಿ ಪಟ್ಟದ ಆಚೆಗೆ ಸಾಗುತ್ತದೆ. ಗಂಡಸರು ಕಾದಾಡುತ್ತಿದ್ದಾಗ ಸೈನಿಕರ ಕೈಗೆ ಸಿಕ್ಕು ಬಸಿರಾದ ಹೆಂಗಸರು ಗೆದ್ದ ದೊರೆಯ ಮುಂದೆ ಬಂದು ತಮ್ಮ ಹೊಟ್ಟೆಯಲ್ಲಿರುವ ಮಕ್ಕಳ ಗತಿಯೇನೆಂದು ಕೇಳುತ್ತಾರೆ. ನಿಯೋಗದಲ್ಲಿ ಹಿರಿಯರ ಅಪ್ಪಣೆಯಿತ್ತು, ಕ್ಷೇತ್ರದ ಒಡೆಯನಿದ್ದ, ಮಗುವಿಗೆ ಕೊಡಲು ಒಂದು ವಂಶದ ಹೆಸರಿತ್ತು. ಇವರಿಗೆ ಈ ಮೂರೂ ಇಲ್ಲ. ತನ್ನ ಹುಟ್ಟು ಕುಲೀನವೆಂದು ಸಾಧಿಸಲು ಒಂದು ಯುದ್ಧವನ್ನೇ ನಡೆಸಿದ ಧರ್ಮರಾಜನಿಗೆ, ಅವನು ಗೆದ್ದುಕೊಂಡ ಶಾಸ್ತ್ರದಲ್ಲಿ, ಈ ಹೆಂಗಸರಿಗೆ ಕೊಡಬಹುದಾದ ಉತ್ತರವಿಲ್ಲ.