ಮಾನಂದವಾಡಿ ರಸ್ತೆಯ ರೇಷ್ಮೆ: ತುಲನಾತ್ಮಕ ಅನುಕೂಲದ ಒಂದು ಚರಿತ್ರೆ

ಮೈಸೂರಿನ ಮಾನಂದವಾಡಿ ರಸ್ತೆಯಲ್ಲಿ ರೇಷ್ಮೆಯ ಎರಡು ಮನೆಗಳಿವೆ. ಒಂದು, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1912ರಲ್ಲಿ ಹುಟ್ಟಿದ ನೇಯ್ಗೆ ಕಾರ್ಖಾನೆ. ಇನ್ನೊಂದು, ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ. ಅಲ್ಲಿ ಸೀರೆ, ಇಲ್ಲಿ ಹುಳು. ಚೀನಾ ಮತ್ತು ಜಪಾನಿನ ಜೊತೆ ಮೈಸೂರು ನಡೆಸಿದ ವ್ಯಾಪಾರದ ಕಥೆಗೆ ಈ ಎರಡೂ ಬೇಕು.

ಯಾವ ದೇಶಕ್ಕೆ ಯಾವ ಸರಕು ಹೋಲಿಕೆಯಲ್ಲಿ ಅಗ್ಗವಾಗಿ ಕೈಗೂಡುತ್ತದೋ ಅದನ್ನೇ ಅದು ಮಾಡಲಿ, ಉಳಿದದ್ದನ್ನು ಕೊಳ್ಳಲಿ ಎಂದು ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲಿ ವಾದಿಸಿದ. ಮೈಸೂರಿನ ರೇಷ್ಮೆಯನ್ನು ತುಲನಾತ್ಮಕ ಅನುಕೂಲವೆಂಬ ಈ ಕಣ್ಣಿನಲ್ಲಿ ನೋಡುವವರು ಹಿತವಾದ ಹವೆ, ವರ್ಷವಿಡೀ ಚಿಗುರುವ ಹಿಪ್ಪುನೇರಳೆ ಎಂದು ಕಾರಣ ಎಣಿಸುತ್ತಾರೆ. ಅದು ಅರ್ಧ ಸತ್ಯ. ಟಿಪ್ಪು ಸುಲ್ತಾನ್ ಬಂಗಾಳಕ್ಕೆ ಆಳು ಕಳಿಸಿ ಹುಳು ತರಿಸಿದ. ಜಮ್‌ಷೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ತೆರೆದ ರೇಷ್ಮೆ ತೋಟಕ್ಕೆ ಜಪಾನಿನ ಪದ್ಧತಿ ಬಂತು. ಆಮೇಲೆ ಮೈಸೂರು ಸಂಸ್ಥಾನವು ಇಟಲಿಯ ತಜ್ಞನನ್ನೂ ಕರೆಸಿತು. ಅನುಕೂಲವೆಂಬುದು ಇಲ್ಲಿ ಮಣ್ಣಿನಿಂದ ಎದ್ದಷ್ಟೇ ಹೊರಗಿನಿಂದಲೂ ಬಂದದ್ದು.

ಈ ಅನುಕೂಲಕ್ಕೆ ಕೊರತೆ ಎಲ್ಲಿತ್ತೆಂದರೆ, ಸಂಸ್ಥಾನಕ್ಕೆ ಬಂದರು ಇರಲಿಲ್ಲ. ಕಡಲ ಸುಂಕ ಬ್ರಿಟಿಷ್ ಇಂಡಿಯಾದ ಕೈಯಲ್ಲಿತ್ತು. 1929ರ ಮಹಾ ಕುಸಿತದ ನಂತರ ಜಪಾನ್, ಚೀನಾದ ನೂಲು ಅಗ್ಗದ ಬೆಲೆಗೆ ಬಂದು ಬಿದ್ದಾಗ ಗೂಡಿನ ದರ ಇಳಿಯಿತು. ಮೈಸೂರು ತನ್ನ ಬಾಗಿಲನ್ನು ತಾನೇ ಮುಚ್ಚುವಂತಿರಲಿಲ್ಲ. ಬ್ರಿಟಿಷ್ ಇಂಡಿಯಾದ ಸುಂಕ ಮಂಡಳಿಯ ಮುಂದೆ ಅಹವಾಲು ಹೇಳಿಕೊಳ್ಳಬೇಕಿತ್ತು. 1933ರಲ್ಲಿ ಮಂಡಳಿಯ ವರದಿ ಬಂತು, 1934ರಲ್ಲಿ ರಕ್ಷಣಾ ಸುಂಕ. ಸುಂಕ ಸಮಯವನ್ನು ಕೊಂಡುಕೊಡುತ್ತದೆ, ಗುಣವನ್ನಲ್ಲ ಎಂಬುದು ನನ್ನ ಅಭಿಪ್ರಾಯ.

ಗುಣ ಎಲ್ಲಿದೆ ಎಂಬುದಕ್ಕೆ ಎರಡು ಗೂಡುಗಳನ್ನು ಅಂಗೈಯಲ್ಲಿಟ್ಟು ನೋಡಬೇಕು. ಮೈಸೂರು ತಳಿಯ ಗೂಡು ಹಸಿರು ಹಳದಿ, ತುದಿ ಚೂಪು, ಒತ್ತಿದರೆ ಮೆತ್ತಗೆ. ಬಿಚ್ಚಿದರೆ ಸುಮಾರು 400 ಮೀಟರ್ ಎಳೆ. ವರ್ಷಕ್ಕೆ ಎರಡೇ ಪೀಳಿಗೆ ಕೊಡುವ ದ್ವಿತಳಿಯದು ಬಿಳಿ, ಗಟ್ಟಿ. ಅದರ ಎಳೆ 1,000 ಮೀಟರ್ ದಾಟುತ್ತದೆ. ನೇಕಾರನಿಗೆ ಇದು ಹಾಸು ಮತ್ತು ಹೊಕ್ಕಿನ ಪ್ರಶ್ನೆ. ಈ ಎರಡರ ಮಿಶ್ರತಳಿಯ ನೂಲು ಹೊಕ್ಕಿಗೆ ನಡೆಯುತ್ತದೆ. ವಿದ್ಯುತ್ ಮಗ್ಗದ ಹಾಸಿಗೆ ಸಮವಾದ, ತುಂಡಾಗದ ಎಳೆ ಬೇಕು, ಹಾಗಾಗಿ ಮಗ್ಗದವರು ಚೀನಾದ ನೂಲನ್ನು ಕೇಳುತ್ತಾರೆ. ಗೂಡು ಬೆಳೆದ ರೈತನಿಗೆ ಅದೇ ನೂಲು ಶತ್ರು. ಒಂದೇ ನಾಡಿನೊಳಗೆ ಹಿತಗಳು ಹೀಗೆ ಒಡೆದಿರುವಾಗ ‘ನಾಡಿನ ಅನುಕೂಲ’ ಯಾರದು?

ದ್ವಿತಳಿ ಉಷ್ಣವಲಯದಲ್ಲಿ ಒಗ್ಗದು ಎಂಬ ನಂಬಿಕೆ ಬಲವಾಗಿತ್ತು. 1991ರಿಂದ ಜಪಾನಿನ ಸಹಕಾರ ಸಂಸ್ಥೆ ಜೈಕಾದ ನೆರವಿನೊಂದಿಗೆ ಇದೇ ರಸ್ತೆಯ ಸಂಸ್ಥೆ ಸಿಎಸ್‌ಆರ್ ಎಂಬ ದ್ವಿತಳಿಗಳನ್ನು ರೂಪಿಸಿತು. ಮೂವತ್ತರ ದಶಕದ ಪ್ರತಿಸ್ಪರ್ಧಿ ಜಪಾನ್ ಮತ್ತೆ ಗುರುವಾದದ್ದು ಹೀಗೆ.

ಸುಂಕದ ಆಟ ಮಾತ್ರ ನಿಲ್ಲಲಿಲ್ಲ. 2011ರ ಬಜೆಟ್ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿತು. 2013ರಲ್ಲಿ ಅದು 15ಕ್ಕೆ ಏರಿತು. ಆಗ್ನೇಯ ಏಷ್ಯಾದ ಆಸಿಯಾನ್ ಒಕ್ಕೂಟದೊಂದಿಗಿನ ಭಾರತದ ಸರಕು ಒಪ್ಪಂದ 2010ರ ಜನವರಿಯಲ್ಲಿ ಜಾರಿಯಾಯಿತು. ಚೀನಾ-ಆಸಿಯಾನ್ ಮುಕ್ತ ವ್ಯಾಪಾರ ವಲಯವೂ ಅದೇ ತಿಂಗಳು ಸ್ಥಾಪನೆಯಾಯಿತು. ಚೀನಾದ ಸರಕು ಮೂರನೆಯ ದೇಶದ ಮೂಲಕ ನುಸುಳದಂತೆ ತಡೆಯುವುದು ಮೂಲ ದೇಶದ ನಿಯಮ: ಭಾರತ-ಆಸಿಯಾನ್ ಒಪ್ಪಂದದಲ್ಲಿ ಕನಿಷ್ಠ ಶೇ. 35 ಮೌಲ್ಯ ಒಪ್ಪಂದದ ದೇಶಗಳದಾಗಿರಬೇಕು. ಚೀನಾ ಸೇರಿದ ಆರ್‌ಸಿಇಪಿ ಎಂಬ ಪ್ರಾದೇಶಿಕ ವ್ಯಾಪಾರ ಒಪ್ಪಂದದ ಮಾತುಕತೆಯಿಂದ ಭಾರತ 2019ರ ನವೆಂಬರ್ 4ರಂದು ಹಿಂದೆ ಸರಿಯಿತು.

ವ್ಯಾಪಾರ ಒಕ್ಕೂಟಗಳನ್ನು ಹೋಲಿಸುವ ವಿದ್ವಾಂಸರು ಅರ್ಥಶಾಸ್ತ್ರಜ್ಞ ಬೇಲಾ ಬಲಾಸಾ 1965ರಲ್ಲಿ ಕೊಟ್ಟ ತುಲನಾತ್ಮಕ ಅನುಕೂಲದ ಸೂಚ್ಯಂಕವನ್ನು ಬಳಸುತ್ತಾರೆ. ಅದು ರಫ್ತನ್ನು ಅಳೆಯುತ್ತದೆ. ಟಿ. ನರಸೀಪುರದಲ್ಲಿ ನೂಲು ಬಿಚ್ಚಿ, ಮಾನಂದವಾಡಿ ರಸ್ತೆಯಲ್ಲಿ ನೇಯ್ದು, ಮೈಸೂರಿನ ಮದುವೆಮನೆಯಲ್ಲೇ ಉಟ್ಟ ಸೀರೆ ಆ ಲೆಕ್ಕದಲ್ಲಿ ಸೊನ್ನೆ.