ಸಹಿಯ ಬೆಲೆ: ಮೇಲ್ ಸರ್ವರ್‌ಗಳ ಪ್ರಮಾಣಪತ್ರಗಳ ಚರಿತ್ರೆ

ಇಮೇಲನ್ನು ಒಂದು ಸರ್ವರ್‌ನಿಂದ ಇನ್ನೊಂದಕ್ಕೆ ಸಾಗಿಸುವ ಎಸ್‌ಎಂಟಿಪಿ ಎಂಬ ನಿಯಮಾವಳಿ 1982ರಲ್ಲಿ ರೂಪುಗೊಂಡಾಗ ಅದರಲ್ಲಿ ಗೋಪ್ಯತೆಗೆ ಯಾವ ಏರ್ಪಾಡೂ ಇರಲಿಲ್ಲ. ಅಂದಿನ ಜಾಲದಲ್ಲಿದ್ದ ವಿಶ್ವವಿದ್ಯಾಲಯಗಳೂ ಸಂಶೋಧನಾಲಯಗಳೂ ಬಹುಮಟ್ಟಿಗೆ ಪರಸ್ಪರ ಪರಿಚಿತವಾಗಿದ್ದವು. ಆದರೆ ಈ ಕೊರತೆಯನ್ನು ನೀಗುವ ಉಪಾಯ ಅದಕ್ಕೂ ಮೊದಲೇ ಹೊಳೆದಿತ್ತು. 1976ರಲ್ಲಿ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್ ಅವರು ಬಹಿರಂಗ ಕೀಲಿಯ ತತ್ತ್ವವನ್ನು, ಎಂದರೆ ಎಲ್ಲರಿಗೂ ಹಂಚಬಹುದಾದ ಒಂದು ಕೀಲಿಯಿಂದ ಬೀಗ ಹಾಕಿ ಒಡೆಯನ ಬಳಿ ಮಾತ್ರ ಇರುವ ಇನ್ನೊಂದರಿಂದ ಅದನ್ನು ತೆಗೆಯುವ ವಿಚಾರವನ್ನು ಪ್ರಕಟಿಸಿದರು. ಹಾಗೆ ಹಂಚಿದ ಕೀಲಿ ನಿಜಕ್ಕೂ ಆ ಒಡೆಯನದೇ ಎಂದು ತಿಳಿಯುವುದು ಹೇಗೆಂಬ ಪ್ರಶ್ನೆಗೆ ಎಂಐಟಿಯ ವಿದ್ಯಾರ್ಥಿ ಲಾರೆನ್ ಕಾನ್‌ಫೆಲ್ಡರ್ 1978ರ ತಮ್ಮ ಪದವಿ ಪ್ರಬಂಧದಲ್ಲಿ ಉತ್ತರವಿತ್ತರು: ಹೆಸರನ್ನೂ ಕೀಲಿಯನ್ನೂ ಒಂದೇ ಪತ್ರದಲ್ಲಿ ನಮೂದಿಸಿ, ನಂಬಿಕಸ್ಥನಾದ ಮೂರನೆಯವನು ಅದಕ್ಕೆ ಸಹಿ ಹಾಕಬೇಕು. ಇದೇ ಪ್ರಮಾಣಪತ್ರ. 1988ರಲ್ಲಿ ಎಕ್ಸ್.509 ಎಂಬ ಅಂತಾರಾಷ್ಟ್ರೀಯ ಮಾನಕ ಅದರ ರಚನೆಯನ್ನು ಗೊತ್ತುಪಡಿಸಿತು.

ಈ ಸಹಿ ಮಾರಾಟದ ಸರಕಾದದ್ದು 1995ರಿಂದ ಈಚೆಗೆ. ನೆಟ್‌ಸ್ಕೇಪ್ ಕಂಪನಿ ಸಂಪರ್ಕವನ್ನು ಗೂಢಲಿಪಿಗೆ ಒಳಪಡಿಸುವ ಎಸ್‌ಎಸ್‌ಎಲ್ ವಿಧಾನವನ್ನು ತನ್ನ ಬ್ರೌಸರ್‌ಗೆ ಅಳವಡಿಸಿತಲ್ಲದೆ, ಯಾರ ಸಹಿಯನ್ನು ನಂಬಬೇಕೆಂಬ ಪಟ್ಟಿಯನ್ನೂ ಅದರೊಳಗೇ ಇರಿಸಿತು. ಅದೇ ವರ್ಷ ಅಮೆರಿಕದಲ್ಲಿ ವೆರಿಸೈನ್, ದಕ್ಷಿಣ ಆಫ್ರಿಕಾದಲ್ಲಿ ಮಾರ್ಕ್ ಶಟಲ್‌ವರ್ತ್ ಅವರ ಥಾಟ್ ಎಂಬ, ಸಹಿ ಮಾರುವ ಸಂಸ್ಥೆಗಳು ಹುಟ್ಟಿಕೊಂಡವು. 1999ರ ಕೊನೆಯಲ್ಲಿ ಮೊದಲನೆಯದು ಎರಡನೆಯದನ್ನು ಸುಮಾರು 57.5 ಕೋಟಿ ಡಾಲರ್ ಮೌಲ್ಯದ ಒಪ್ಪಂದದಲ್ಲಿ ಕೊಂಡುಕೊಂಡಿತು. ಕೊಳ್ಳುವವರು ತೆರುತ್ತಿದ್ದ ಹಣ ಗೂಢಲಿಪಿಯ ಬಲಕ್ಕಾಗಿ ಅಲ್ಲ, ಏಕೆಂದರೆ ಆ ಗಣಿತ ಬಹಿರಂಗವಾಗಿಯೇ ಪ್ರಕಟವಾಗಿತ್ತು. ಹಣ ಸಲ್ಲುತ್ತಿದ್ದುದು ಬ್ರೌಸರ್‌ನೊಳಗಿನ ಪಟ್ಟಿಯಲ್ಲಿ ಹೆಸರಿದ್ದವರ ಸಹಿಗೆ. ಸರ್ವರ್ ತನಗೆ ತಾನೇ ಸಹಿ ಹಾಕಿಕೊಂಡ ಪ್ರಮಾಣಪತ್ರದಲ್ಲಿ ಪಡೆದವರ ಹೆಸರೂ ಕೊಟ್ಟವರ ಹೆಸರೂ ಒಂದೇ ಆಗಿರುತ್ತವೆ. ಗುಟ್ಟು ಕಾಯುವುದರಲ್ಲಿ ಅದು ಕೊಂಡು ತಂದದ್ದಕ್ಕೆ ಕಡಿಮೆಯೇನಲ್ಲ, ಸಾಕ್ಷಿ ಹೇಳುವವರು ಮಾತ್ರ ಇಲ್ಲ.

ಇಮೇಲಿನ ಲೋಕದಲ್ಲಿ ಈ ವ್ಯತ್ಯಾಸ ವಿಚಿತ್ರ ರೂಪ ತಾಳಿತು. ಒಂದು ಸರ್ವರ್ ತಾನು ಗೂಢಲಿಪಿಗೆ ಸಿದ್ಧವೆಂದು ಸಾರಿದಾಗ ಎದುರಿನದು ಒಪ್ಪಿ ಮುಂದುವರಿಯುವ ಸ್ಟಾರ್ಟ್‌ಟಿಎಲ್‌ಎಸ್ ವಿಧಾನ 1999ರಲ್ಲಿ ಜಾರಿಗೆ ಬಂದಿತಾದರೂ, ಸಾರ್ವಜನಿಕ ಮೇಲ್ ಸರ್ವರ್ ಅದನ್ನು ಕಡ್ಡಾಯ ಮಾಡಕೂಡದೆಂದು ಆ ನಿಯಮಾವಳಿಯೇ ವಿಧಿಸಿತ್ತು. ಪ್ರಮಾಣಪತ್ರ ಸರಿಯಿಲ್ಲವೆಂದು ಸಂಪರ್ಕ ಕಡಿದುಕೊಂಡರೆ ಪತ್ರವೇ ತಲುಪುವುದಿಲ್ಲ, ಇಲ್ಲವೇ ತೆರೆದ ಅಕ್ಷರಗಳಲ್ಲಿ ಹೋಗಬೇಕಾಗುತ್ತದೆ. ಹೀಗಾಗಿ ಸರ್ವರ್‌ಗಳು ಎದುರಿನವರ ಸಹಿ ಯಾರದೆಂದು ಸಾಮಾನ್ಯವಾಗಿ ವಿಚಾರಿಸುತ್ತಲೇ ಇರಲಿಲ್ಲ. ಕಂಪನಿಯೊಂದು ದುಡ್ಡು ಕೊಟ್ಟು ತಂದ ಪ್ರಮಾಣಪತ್ರಕ್ಕೆ ಈ ದಾರಿಯಲ್ಲಿ ಕಿಲುಬು ಕಾಸಿನ ಪ್ರಯೋಜನವೂ ಇರಲಿಲ್ಲವೆಂದರೆ ತಪ್ಪಾಗದು.

ತೊಡಕು ಕಾಣಿಸಿಕೊಂಡದ್ದು ನೌಕರರ ಮೇಜಿನ ಮೇಲೆ. ಮೈಕ್ರೋಸಾಫ್ಟ್‌ನ ಎಕ್ಸ್‌ಚೇಂಜ್ 2007 ಮೇಲ್ ಸರ್ವರ್ ಅನುಸ್ಥಾಪನೆಯ ಹೊತ್ತಿಗೇ ತನಗೊಂದು ಸ್ವಯಂಸಹಿಯ ಪ್ರಮಾಣಪತ್ರವನ್ನು ಬರೆದುಕೊಳ್ಳುತ್ತಿತ್ತು. ಅದನ್ನು ಹಾಗೆಯೇ ಬಿಟ್ಟಲ್ಲಿ ಪತ್ರ ಓದಲು ಔಟ್‌ಲುಕ್ ತಂತ್ರಾಂಶ ತೆರೆದವರ ಮುಂದೆ ಎಚ್ಚರಿಕೆಯ ಕಿಟಕಿಯೊಂದು ಮೂಡಿ, ಕೊಟ್ಟವರು ನಂಬಲರ್ಹರೇ, ಅವಧಿ ಇದೆಯೇ, ಹೆಸರು ಹೊಂದುತ್ತದೆಯೇ ಎಂಬ ಮೂರು ಸಾಲುಗಳಲ್ಲಿ ತೀರ್ಪು ತೋರಿಸಿ, ಮುಂದುವರಿಯಬೇಕೇ ಎಂದು ಕೇಳುತ್ತಿತ್ತು. ಕಣ್ಣು ಮುಚ್ಚಿ ‘ಹೌದು’ ಒತ್ತುವ ರೂಢಿ ಬೆಳೆದ ಕಚೇರಿಯಲ್ಲಿ ನಿಜವಾದ ವಂಚಕನ ಪ್ರಮಾಣಪತ್ರವೂ ಅದೇ ಒತ್ತಿಗೆ ಒಳಬರುತ್ತದೆ. ಸ್ವಯಂಸಹಿಯ ಅತಿ ದೊಡ್ಡ ಹಾನಿ ಇದೇ. ಎಲ್ಲ ಗಣಕಗಳಿಗೂ ಕಂಪನಿಯ ಸಹಿಯನ್ನು ಮೊದಲೇ ಪರಿಚಯಿಸಿಡುವಷ್ಟು ಶಿಸ್ತು ಇದ್ದವರಿಗೆ ಮಾತ್ರ ಅದು ತಟ್ಟಲಿಲ್ಲ.

ಪಟ್ಟಿಯಲ್ಲಿದ್ದವರ ಸಹಿಯಾದರೂ ನಿಷ್ಕಳಂಕವಾಗಿ ಉಳಿಯಲಿಲ್ಲ. 2011ರಲ್ಲಿ ನೆದರ್ಲೆಂಡ್ಸ್‌ನ ಡಿಜಿನೋಟಾರ್ ಸಂಸ್ಥೆಗೆ ನುಗ್ಗಿದ ಹ್ಯಾಕರ್‌ಗಳು ಗೂಗಲ್ ಹೆಸರಿನಲ್ಲಿ ಖೊಟ್ಟಿ ಪ್ರಮಾಣಪತ್ರ ಪಡೆದದ್ದು ಬಯಲಾಗಿ, ಅದೇ ಸೆಪ್ಟೆಂಬರ್‌ನಲ್ಲಿ ಸಂಸ್ಥೆ ದಿವಾಳಿಯಾಯಿತು. 2014ರ ಜುಲೈಯಲ್ಲಿ ಭಾರತ ಸರ್ಕಾರದ ಎನ್‌ಐಸಿಯ ಪ್ರಮಾಣೀಕರಣ ಘಟಕದಿಂದಲೇ ಗೂಗಲ್ ಮತ್ತು ಯಾಹೂ ಹೆಸರಿನ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದವು. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ ಅಡಿಯಲ್ಲಿ ಇಂಥ ಸಂಸ್ಥೆಗಳಿಗೆ ಪರವಾನಗಿ ಕೊಡುವ ನಿಯಂತ್ರಕರು ಆ ಘಟಕದ ಅಧಿಕಾರಪತ್ರಗಳನ್ನು ರದ್ದುಪಡಿಸಬೇಕಾಯಿತು.

2015ರ ಡಿಸೆಂಬರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ ಸಾರ್ವಜನಿಕರಿಗೆ ತೆರೆದುಕೊಂಡು, ಪಟ್ಟಿಯಲ್ಲಿ ಮಾನ್ಯವಾದ ಸಹಿಯನ್ನೇ 90 ದಿನಗಳ ಅವಧಿಗೆ ಬಿಟ್ಟಿಯಾಗಿ, ಮನುಷ್ಯರ ಕೈ ಸೋಕದಂತೆ ನೀಡತೊಡಗಿದ ಮೇಲೆ ಸಹಿಯನ್ನು ಕೊಳ್ಳುವುದೋ ತಾನೇ ಹಾಕಿಕೊಳ್ಳುವುದೋ ಎಂಬ ಹಳೆಯ ಚೌಕಾಸಿಗೆ ಅರ್ಥ ಉಳಿಯಲಿಲ್ಲ. ಇತ್ತ ಸರ್ವರ್‌ಗಳ ನಡುವಿನ ಉದಾಸೀನವೂ ಕೊನೆಗಾಣತೊಡಗಿತು: 2018ರ ಎಂಟಿಎ-ಎಸ್‌ಟಿಎಸ್ ಮಾನಕವನ್ನು ಕಡ್ಡಾಯದ ರೀತಿಯಲ್ಲಿ ಅಳವಡಿಸಿಕೊಂಡ ಕಂಪನಿಗೆ ಅದನ್ನು ಪಾಲಿಸುವವರಿಂದ ಪತ್ರ ತಲುಪಬೇಕಾದರೆ ಮಾನ್ಯ ಸಹಿ ಬೇಕೇ ಬೇಕು. 2025ರಲ್ಲಿ ಪ್ರಮಾಣೀಕರಣ ಸಂಸ್ಥೆಗಳೂ ಬ್ರೌಸರ್ ತಯಾರಕರೂ ಕೂಡಿ ಮಾಡಿದ ನಿರ್ಣಯದಂತೆ, 2029ರ ಮಾರ್ಚ್ ವೇಳೆಗೆ ಇಂಥ ಪ್ರಮಾಣಪತ್ರದ ಗರಿಷ್ಠ ಆಯುಷ್ಯ 47 ದಿನಗಳಿಗೆ ಇಳಿಯಲಿದೆ. ಎಕ್ಸ್‌ಚೇಂಜ್ ಸರ್ವರ್ ತನ್ನ ಒಳವ್ಯವಹಾರಕ್ಕೆ ಬರೆದುಕೊಳ್ಳುವ ದೃಢೀಕರಣದ ಪ್ರಮಾಣಪತ್ರವಾದರೋ ಈಗಲೂ ಸ್ವಯಂಸಹಿಯದು, ಅವಧಿ 5 ವರ್ಷ.